ಕೆನ್ನೆಗಂಟಿದ ಮೈಕು

ನನ್ನ ಅತ್ತೆಯಾಗಬೇಕಿದ್ದವರು ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗ ನನಗಿಂತ ಮೊದಲು ನೋಡಿದ್ದು ನಮ್ಮ ಮನೆಯ ಜೋಳವನ್ನು. ಕಲಬುರಗಿಯ ಕೋಟೆ ಹತ್ತಿರದ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಹಸನು ಮಾಡಲೆಂದು ಜೋಳ ಹರವಿದ್ದಳು. ಬೀಗರು ಹೇಳಿದ್ದಕ್ಕಿಂತ ಮುಂಚೆ ಬಂದುಬಿಟ್ಟಿದ್ದರಿಂದ ಅದನ್ನು ತೆಗೆಯಲು ಆಗಿರಲಿಲ್ಲ. ಆ ಹೆಂಗಸು ಕೂರುವ ಮೊದಲೇ ಬಗ್ಗಿ ಒಂದು ಕಾಳು ಎತ್ತಿ, ಹಲ್ಲಿನಡಿ ಇಟ್ಟು ಕಚ್ಚಿ, "ಹಳೇ ಜ್ವಾಳ. ಹೊಸಾದು ಅಂತ ಹೇಳಿ ಕೊಟ್ಟಿರ್ಬೇಕು" ಎಂದರು. ಅವ್ವನ ಮುಖ ಸಣ್ಣದಾಯಿತು. ಚಹಾದ ತಾಟು ಹಿಡಿದು ನಿಂತಿದ್ದ ನನಗೆ, ಇನ್ನು ನನ್ನನ್ನೂ ಕಚ್ಚಿ ನೋಡುತ್ತಾರೆ ಅನ್ನಿಸಿತು.

"ಏನ್ ಮಾಡ್ತಿ?" ಎಂದು ಕೇಳಿದರು.

"ಅಣ್ಣನ ಆರ್ಕೆಸ್ಟ್ರಾದಾಗ ಹಾಡ್ತೀನ್ರಿ."

"ಬರೇ ಹಾಡ್ತಿ ಏನು?"

ಅವ್ವ ಹಿಂದಿನಿಂದ ನನ್ನ ಸೊಂಟ ಚಿವುಟಿದಳು. ಚಿವುಟಿದ್ದೇ ತಪ್ಪಾಯಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಇಲ್ರಿ, ಕುಣೀತೀನಿ ಸುದ್ದಾ" ಎಂದೆ.

ಅದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಆಗ ನಮ್ಮ ಕಡೆ ರೆಕಾರ್ಡ್ ಡ್ಯಾನ್ಸಿನ ತಂಡಗಳು ಊರೂರು ತಿರುಗುತ್ತಿದ್ದವು. ಕ್ಯಾಸೆಟ್ ಹಚ್ಚುವುದು, ಹುಡುಗಿಯರು ಅದಕ್ಕೆ ತುಟಿ ಆಡಿಸುತ್ತ ಕುಣಿಯುವುದು. ಮುಂದಿನ ಸಾಲಿನ ಗಂಡಸರು ಸೀಟಿ ಹೊಡೆಯುತ್ತಿದ್ದರು. ಮರ್ಯಾದಸ್ಥರ ಮನೆಗಳಲ್ಲಿ ಆ ಹೆಸರು ಎತ್ತಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆ ಹುಡುಗಿಯರ ಮೇಲೆ ನನಗೇನೂ ಅಸಡ್ಡೆ ಇರಲಿಲ್ಲ. ಆದರೆ ನಾನು ಉಸಿರು ಕಟ್ಟಿ, ಬೆವರು ಸುರಿಸಿ, ಕುಣಿಯುತ್ತಲೇ ಹಾಡುವವಳು. ಆ ಹಾಡು ನನ್ನದಲ್ಲ ಎಂದು ಯಾರಾದರೂ ಅಂದರೆ ತಡೆದುಕೊಳ್ಳುವ ಗುಣ ನನ್ನದಲ್ಲ.

ಆ ಹೆಂಗಸು ಚಹಾ ಮುಗಿಸಿ ಬಸಿ ಕೆಳಗಿಟ್ಟರು. "ರಾಜ್ಯೋತ್ಸವಕ್ಕ ನಮ್ಮ ಕಮಲಾಪುರಕ್ಕ ನಿಮ್ಮ ಕಾರ್ಯಕ್ರಮ ಅದಂತಲ್ಲ, ಅವತ್ತು ಬಂದು ಕಣ್ಣಾರೆ ನೋಡ್ತೀನಿ. ಹಾಡಾಕಿ ಇದ್ರ ಲಗ್ನ ಆದಮ್ಯಾಲೂ ಹಾಡ್ಲಿ, ನಾ ತಡಿಯಾಂಗಿಲ್ಲ. ಕ್ಯಾಸೆಟ್ಟಿಗೆ ಕುಣ್ಯಾಕಿ ಇದ್ರ ಮಾತ್ರ ನಮ್ಮ ಮನಿಗೆ ಬ್ಯಾಡ. ನಮ್ಮೂರಾಗ ನಾ ತಲಿ ಎತ್ತಿ ತಿರುಗಬೇಕು."

ಹುಡುಗ ಅಷ್ಟು ಹೊತ್ತೂ ಗೋಡೆಯ ಮೇಲಿನ ಕ್ಯಾಲೆಂಡರನ್ನೇ ನೋಡುತ್ತಿದ್ದ. ಸೇಡಂ ರಸ್ತೆಯ ಒಂದು ಕಚೇರಿಯಲ್ಲಿ ನೌಕರಿ. ಯಾವುದೋ ಸಮಾರಂಭದಲ್ಲಿ ನನ್ನ ಹಾಡು ಕೇಳಿ ತಾನೇ ಸಂಬಂಧ ಕೇಳಿ ಕಳಿಸಿದ್ದ. ಹೋಗುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ, ಹೊಸ್ತಿಲು ಎಡವಿದ. ಮುಚ್ಚುಮರೆ ಯಾಕೆ, ನನಗೆ ಆತ ಮನಸ್ಸಿಗೆ ಬಂದಿದ್ದ. ಆತನೂ ಬೇಕು, ಹಾಡೂ ಬೇಕು, ಕುಣಿತವೂ ಬೇಕು. ಮೂರರಲ್ಲಿ ಒಂದನ್ನೂ ಬಿಡಲು ನಾನು ತಯಾರಿರಲಿಲ್ಲ.

ಅವರು ಹೋದದ್ದೇ ಅಣ್ಣ ಶುರು ಮಾಡಿದ. ಅಣ್ಣ ಕೀಬೋರ್ಡ್ ನುಡಿಸುತ್ತಿದ್ದ, ತಂಡ ನಡೆಸುತ್ತಿದ್ದ, ಎಲ್ಲದಕ್ಕೂ ಹೆದರುತ್ತಿದ್ದ. "ತಂಗಿ, ಅವತ್ತೊಂದು ದಿನ ನಿಂತು ಹಾಡು. ಕೈಯಾಗ ಮೈಕ್ ಹಿಡಿ, ಸೆರಗು ಹೊದ್ಕೊ, ನಿಂತಲ್ಲೇ ಹಾಡು. ಲಗ್ನ ಆದಮ್ಯಾಲ ಹ್ಯಾಂಗರ ಕುಣಿ."

"ಅಂದ್ರ ನಾನೂ ಹಳೇ ಜ್ವಾಳ ಹೊಸಾದಂತ ಹೇಳಿ ಕೊಡ್ಲೇನು?" ಎಂದೆ. "ನಾಳೆ ಏನ್ ಮಾಡ್ತೀನೋ ಇವತ್ತು ಅದನ್ನೇ ನೋಡ್ಲಿ."

ಹಟ ಹಿಡಿದೆನೇನೋ ಸರಿ, ಆದರೆ ಹಿಡಿಯುವ ಮೈಕಿನಿಂದ ಅದು ಆಗುವ ಕೆಲಸವಾಗಿರಲಿಲ್ಲ. ಒಂದು ಕೈ ಮೈಕಿಗೆ ಹೋದರೆ ಉಳಿದ ಒಂದೇ ಕೈಯಲ್ಲಿ ಕುಣಿಯಬೇಕು. ಅದರ ಮೇಲೆ ಆ ಉದ್ದ ವಾಯರು. ಹಿಂದಿನ ಕಾರ್ಯಕ್ರಮದಲ್ಲಿ ಗಿರಕಿ ಹೊಡೆಯುವಾಗ ಅದು ಕಾಲಿಗೆ ಸುತ್ತಿಕೊಂಡು ನಾನು ತಬಲಾದ ಮೇಲೆಯೇ ಹೋಗಿ ಬಿದ್ದಿದ್ದೆ. ಜನ ಅದೂ ಕುಣಿತವೇ ಎಂದು ಚಪ್ಪಾಳೆ ಹೊಡೆದಿದ್ದರು. ಕಮಲಾಪುರದಲ್ಲಿ ಆ ಹೆಂಗಸಿನ ಮುಂದೆ ಬಿದ್ದರೆ ಏಳುವುದು ಕಷ್ಟವಿತ್ತು.

ಹೀಗಾಗಿ ಮೋಮಿನಪುರದ ಚಾಚಾನ ಅಂಗಡಿಗೆ ಹೋದೆವು. ಊರಿನ ಅರ್ಧ ಮದುವೆಗಳಿಗೆ ಮೈಕ್ ಸೆಟ್ ಕೊಡುತ್ತಿದ್ದವರು ಅವರೇ. ತಲೆಗೆ ಹಾಕಿಕೊಳ್ಳುವ ಮೈಕು ಹೈದರಾಬಾದಿನಲ್ಲಿ ಸಿಗುತ್ತದೆ ಎಂದು ತರಿಸಿಟ್ಟಿದ್ದರು. ಮೇಜಿನ ಮೇಲೆ ಹಳೆಯ ಟವೆಲ್ಲು ಹಾಸಿ ಮೂರು ಮೈಕುಗಳನ್ನು ಸಾಲಾಗಿ ಇಟ್ಟರು. "ನೀನು ಹಾಕ್ಕೊಂಡು ಕುಣಿ ಬೇಟಿ. ನಿಮ್ಮಣ್ಣ ಗಲ್ಲಿ ಕೊನಿಗೆ ಹೋಗಿ ನಿಲ್ಲಲಿ. ಒಂದೊಂದು ಮಾತೂ ತಿಳಿದ್ರ ಕೈ ಎತ್ತಲಿ. ಅದ್ರಾಗ ಫೈಸಲಾ."

ಅಣ್ಣ ಗಲ್ಲಿಯ ತುದಿಯ ಬೇಕರಿ ಹತ್ತಿರ ಹೋಗಿ ನಿಂತ. ನಾನು ಅಂಗಡಿಯ ಹಿಂದಿನ ಅಂಗಳದಲ್ಲಿ ಸೆರಗು ಸಿಕ್ಕಿಸಿದೆ.

ಮೊದಲನೆಯದು ಕೊರಳ ಹತ್ತಿರ ಸೀರೆಗೆ ಚುಚ್ಚುವಂಥದ್ದು. ಹಾಡಿಗಿಂತ ನನ್ನ ಬಳೆ, ಸರದ ಸದ್ದೇ ಹೆಚ್ಚು ಕೇಳಿತು. ಮುಖ ಪಕ್ಕಕ್ಕೆ ತಿರುಗಿಸಿದರೆ ಧ್ವನಿ ಮಾಯ. ಅಣ್ಣನ ಕೈ ಏಳಲಿಲ್ಲ.

ಎರಡನೆಯದು ಕರಿಯದು. ತಲೆಯ ಹಿಂದಿನಿಂದ ಬಿಗಿಯುವ ಪಟ್ಟಿ, ಬಾಯಿ ಮುಂದೆ ದಪ್ಪನೆಯ ಸ್ಪಂಜು. ಧ್ವನಿ ಗಟ್ಟಿಯಾಗಿ ಬಂತು. ಗಿರಕಿ ಹೊಡೆದರೂ, ಬಗ್ಗಿ ಎದ್ದರೂ ಅಲುಗಲಿಲ್ಲ. ಅಣ್ಣನ ಕೈ ಎದ್ದಿತು. ಆದರೆ ಕನ್ನಡಿಯಲ್ಲಿ ನೋಡಿಕೊಂಡರೆ ಬಾಯಿ ಮುಂದೆ ಜಾಮೂನು ನೇತು ಹಾಕಿಕೊಂಡಂತಿತ್ತು. ಹೆಣ್ಣು ನೋಡುವ ಕಾರ್ಯಕ್ರಮಕ್ಕೆ ಜಾಮೂನು ಕಟ್ಟಿಕೊಂಡು ಹೋಗುವುದೆ?

ಮೂರನೆಯದು ಕಿವಿಯ ಮೇಲಿನಿಂದ ಕೆನ್ನೆಗೆ ಇಳಿಯುವ ಸಣ್ಣ ತಂತಿ, ತುದಿಯಲ್ಲಿ ಜೋಳದ ಕಾಳಿನಷ್ಟು ಮೈಕು. ಅದಕ್ಕೆ ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಪುಟ್ಟ ಡಬ್ಬಿ. ಸುಲಭಕ್ಕೆ ಬಗ್ಗುವ ಮೈಕಲ್ಲ ಅದು. ಬಾಯಿ ಮುಂದೆ ತಂದರೆ ಉಸಿರೆಲ್ಲ ಫುಸ್ ಎಂದು ಬೀಳುತ್ತಿತ್ತು. ಹಿಂದೆ ಸರಿಸಿದರೆ ಧ್ವನಿ ಸೊರಗುತ್ತಿತ್ತು. ಸ್ಪೀಕರಿನ ಎದುರು ಹೋದರೆ ಕಿವಿ ಹರಿಯುವ ಸೀಟಿ. ಝುಮಕಿ ತಾಗಿ ಟಕಟಕ ಎಂದಿತು, ಝುಮಕಿ ಬಿಚ್ಚಿಟ್ಟೆ. ಚಾಚಾ ತಂತಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಗ್ಗಿಸುತ್ತ ಹೋದರು, ನಾನು ಬೆವರು ಒರೆಸಿಕೊಳ್ಳುತ್ತ ಮತ್ತೆ ಮತ್ತೆ ಕುಣಿಯುತ್ತ ಹೋದೆ. ತುಟಿಯ ಮೂಲೆಯಿಂದ ಎರಡು ಬೆರಳು ದೂರಕ್ಕೆ ಬಂದಾಗ ಗಲ್ಲಿಯ ತುದಿಯಲ್ಲಿ ಅಣ್ಣ ಎರಡೂ ಕೈ ಎತ್ತಿದ.

"ದೂರದಿಂದ ಕಾಣಂಗೇ ಇಲ್ಲ ನೋಡು" ಎಂದು ಚಾಚಾ ಹಿಗ್ಗಿದರು. "ಆವಾಜ್ ಎಲ್ಲಿಂದ ಬರ್ತದಪಾ ಅಂತ ಜನ ಪರೇಶಾನ್ ಆಗ್ತಾರ."

ಅವರು ಹೇಳಿದ ಹಾಗೇ ಆಯಿತು.

ಆ ತಂತಿಯ ಬಣ್ಣ ಮಾತ್ರ ಗುಲಾಬಿ. ಯಾವ ದೊರೆಸಾನಿಯ ಕೆನ್ನೆ ನೋಡಿ ಮಾಡಿದ್ದರೋ, ನನ್ನ ಎಣ್ಣೆಗೆಂಪು ಮುಖದ ಮೇಲೆ ಗಾಯ ಒಣಗಿದ ಗುರುತಿನಂತೆ ಕಾಣುತ್ತಿತ್ತು. ಕಮಲಾಪುರಕ್ಕೆ ಹೊರಡುವ ಮುಂಚೆ ನಾಟಕದವರು ಹಚ್ಚುವ ಬಣ್ಣ ತರಿಸಿ, ತಂತಿಗೂ ಕಾಳಿಗೂ ನನ್ನ ಮೈಬಣ್ಣವೇ ಬರುವಂತೆ ಬಳಿದೆ. ಅವ್ವ ಒಳಲಂಗಕ್ಕೆ ಚೀಲ ಹೊಲಿದುಕೊಟ್ಟಳು, ಡಬ್ಬಿ ಅದರೊಳಗೆ ಅಡಗಿತು. ಮಾರುದೂರ ನಿಂತರೂ ಮೈಕ್ ಇದೆ ಎಂದು ಯಾರೂ ಹೇಳುವಂತಿರಲಿಲ್ಲ. ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಟೆಂಪೋದಲ್ಲಿ ಅಣ್ಣ ದಾರಿಯುದ್ದಕ್ಕೂ ಹೆಚ್ಚುವರಿ ಬ್ಯಾಟರಿಗಳ ಡಬ್ಬಿ ತೆರೆದು ನೋಡುತ್ತ, ಮುಚ್ಚುತ್ತ ಕೂತಿದ್ದ. ಕಮಲಾಪುರ ಮುಟ್ಟಿದಾಗ ಬಿಸಿಲು ಇಳಿದಿತ್ತು. ಶಾಲೆಯ ಬಯಲಲ್ಲಿ ವೇದಿಕೆ ಕಟ್ಟಿದ್ದರು. ಬಾಳೆಹಣ್ಣು ಮಾರುವವರು ಬುಟ್ಟಿ ಸಮೇತ ಬಂದು ಕೂತಿದ್ದರು. ಬಲಕ್ಕೆ ಗಂಡಸರು, ಎಡಕ್ಕೆ ತಾಡಪತ್ರಿ ಹಾಸಿ ಹೆಂಗಸರಿಗೆ ಜಾಗ. ಹೆಂಗಸರ ಮೊದಲ ಸಾಲಿನಲ್ಲೇ, ಓಣಿಯ ಬಳಗ ಕಟ್ಟಿಕೊಂಡು, ಆ ಹೆಂಗಸು ಕೂತಿದ್ದರು. ಅಂದರೆ ಪರೀಕ್ಷೆಗೆ ಸಾಕ್ಷಿಗಳನ್ನೂ ಕರೆತಂದಿದ್ದರು. ಹುಡುಗ ಚಾಚಾನ ಮೈಕ್ ಸೆಟ್ಟಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

ಮೊದಲ ಹಾಡು ನಾಡಿನ ಮೇಲಿನದು, ನಿಂತು ಹಾಡಿದೆ. ಚಪ್ಪಾಳೆ ಕಡಿಮೆ ಬಿತ್ತು. ಜನ ನನ್ನ ಮುಖಕ್ಕಿಂತ ನನ್ನ ಬರಿಗೈಗಳನ್ನೇ ನೋಡುತ್ತಿದ್ದರು. ಆಗ ನನಗೆ ಅದು ಹೊಳೆಯಲಿಲ್ಲ. ಹಾಡಿಗೆ ಮರುಳಾಗಿದ್ದಾರೆ ಎಂದುಕೊಂಡೆ.

ಎರಡನೆಯದಕ್ಕೆ ಗೆಜ್ಜೆ ಕಟ್ಟಿ ಬಂದೆ. ಎರಡೂ ಕೈ ಬಿಡುವಾಗಿ ಕುಣಿಯುವ ಸುಖ ಎಂಥದ್ದೆಂದು ಅವತ್ತೇ ತಿಳಿದದ್ದು. ಗಿರಕಿ ಹೊಡೆದೆ, ಮಂಡಿ ಊರಿ ಎದ್ದೆ, ಒಂದು ಸ್ವರವೂ ಜಾರಲಿಲ್ಲ. ಮೈಕು ಅಷ್ಟು ಚೆನ್ನಾಗಿ ಹಿಡಿಯುತ್ತಿತ್ತು. ಆಗ ಗಂಡಸರ ಕಡೆಯಿಂದ ಕೆಂಪು ರುಮಾಲಿನ ಒಬ್ಬಾತ ಎದ್ದು ನಿಂತ.

"ಏ, ಕ್ಯಾಸೆಟ್ ಹಚ್ಯಾರಲೇ! ಕೈಯಾಗ ಮೈಕ್ ಎಲ್ಲದ?"

ಒಬ್ಬ ನಕ್ಕ. ಇನ್ನೊಬ್ಬ ಸೀಟಿ ಹೊಡೆದ. "ಹೌದಲ್ಲೋ! ರೆಕಾರ್ಡ್ ಡ್ಯಾನ್ಸ್ ಇದು!" ಎಂದಿತು ಮತ್ತೊಂದು ಧ್ವನಿ. ನೋಡುನೋಡುತ್ತ ಇಡೀ ಬಲಭಾಗ "ಕ್ಯಾಸೆಟ್! ಕ್ಯಾಸೆಟ್!" ಎಂದು ತಾಳ ಹಾಕತೊಡಗಿತು. ಹಾಡುವವರ ಕೈಯಲ್ಲಿ ಮೈಕ್ ಇರುತ್ತದೆ, ಮೈಕ್ ಇಲ್ಲದವರು ತುಟಿ ಆಡಿಸುತ್ತಾರೆ. ಆ ಬಯಲಿನಲ್ಲಿ ಕೂತವರು ಕಂಡದ್ದು ಅಷ್ಟೇ. ಮೈಕು ಕಾಣಬಾರದೆಂದು ನಾನು ಬಣ್ಣ ಬಳಿದು ಮುಚ್ಚಿದ್ದೆ.

ಹಾಡು ನಿಲ್ಲಿಸಿ ಕೆನ್ನೆ ಮುಟ್ಟಿ ತೋರಿಸಿದೆ. "ಇಲ್ಲಿ ನೋಡ್ರಿ, ಮೈಕ್ ಇಲ್ಲೇ ಅದ! ನಾನೇ ಹಾಡಾಕತ್ತೀನಿ!"

"ಮಾತೂ ತುಂಬ್ಯಾರಲೇ ಕ್ಯಾಸೆಟ್ಟಿನ್ಯಾಗ!" ಎಂದ ರುಮಾಲಿನವ. ಬಯಲೆಲ್ಲ ಗೊಳ್ಳೆಂದಿತು.

ಅಣ್ಣ ಕೀಬೋರ್ಡ್ ಬಿಟ್ಟು ಓಡಿ ಬಂದು ವಾಯರಿನ ಮೈಕನ್ನು ನನ್ನ ಕೈಗೆ ತುರುಕಿದ. ಗಾಬರಿಯಲ್ಲಿ ಸ್ಪೀಕರಿನ ಎದುರಿಗೇ ನನ್ನನ್ನು ಎಳೆದುಕೊಂಡಿದ್ದ. ಎರಡು ಮೈಕೂ ಸೇರಿ ಸ್ಪೀಕರಿನಿಂದ ಎಂಥ ಕೂಗು ಹೊರಟಿತೆಂದರೆ ಬಾಳೆಹಣ್ಣಿನ ಮುದುಕಿ ಕಿವಿ ಮುಚ್ಚಿಕೊಂಡಳು. "ಟೇಪ್ ಸಿಕ್ಕೊಂಡದ! ಬಿಡಸ್ರೋ!" ಎಂದು ಯಾರೋ ಅರಚಿದರು. ಕೈಯಲ್ಲಿದ್ದ ಮೈಕನ್ನು ಅಣ್ಣನ ಎದೆಗೆ ಒತ್ತಿ ವಾಪಸು ಕೊಟ್ಟೆ. ಅದನ್ನು ಹಿಡಿದು ನಿಂತು ಹಾಡಿದ್ದರೆ ಬಹುಶಃ ಅಲ್ಲಿಗೆ ಬಗೆಹರಿಯುತ್ತಿತ್ತು. ಆದರೆ ಅಲ್ಲಿಯವರೆಗೆ ಕುಣಿದು ಹಾಡಿದ್ದೆಲ್ಲ ಸುಳ್ಳಾಗಿ ಹೋಗುತ್ತಿತ್ತು.

ಆಗ ಎಡಕ್ಕೆ ನೋಡಿದೆ. ಆ ಹೆಂಗಸು ಎದ್ದು ನಿಂತಿದ್ದರು. ಸುತ್ತಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ಅವರನ್ನೇ ನೋಡುತ್ತಿದ್ದರು. ಅವರು ತಲೆ ಮೇಲೆ ಸೆರಗು ಎಳೆದು, ಬಗ್ಗಿ ಚಪ್ಪಲಿ ಕೈಗೆತ್ತಿಕೊಂಡು, ಗೇಟಿನ ಕಡೆ ನಡೆದರು. ಹುಡುಗ ಒಂದು ಹೆಜ್ಜೆ ಅವರ ಹಿಂದೆ ಇಟ್ಟ, ನನ್ನನ್ನು ನೋಡಿದ, ಅಲ್ಲೇ ನಿಂತ. ಅವನ ಮುಖ ಸುಣ್ಣವಾಗಿತ್ತು. ಅವರು ಆ ಗೇಟು ದಾಟಿದರೆ ಆತನೂ ಇಲ್ಲ, ಆ ಊರಿನಲ್ಲಿ ನನ್ನ ಹಾಡೂ ಇಲ್ಲ. ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು. ಕಾಳು ಕಚ್ಚಿ ನೋಡುವವಳು ನನ್ನನ್ನು ಕಚ್ಚದೆ ಹೋಗುತ್ತಾಳೆಯೆ?

ನಮ್ಮ ಕಡೆ ಮದುವೆಗಳಲ್ಲಿ ಬೀಗರ ಹಾಡು ಹಾಡುತ್ತಾರೆ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ಅಲ್ಲೇ ಆಗಲೇ ಪದ ಕಟ್ಟಿ ಕಾಡುತ್ತಾರೆ. ಅದಕ್ಕೆ ಸಿಟ್ಟಾಗುವಂತಿಲ್ಲ, ಪದಕ್ಕೆ ಪದದಿಂದಲೇ ಉತ್ತರ ಕೊಡಬೇಕು, ಸುಮ್ಮನಿದ್ದರೆ ಸೋತಂತೆ. ಮದುಮಗಳು ಮಾತ್ರ ಬಾಯಿ ಬಿಡುವಂತಿಲ್ಲ. ಅವಳು ತಲೆ ತಗ್ಗಿಸಿ ಕೂತಿರಬೇಕು. ನನ್ನ ತಲೆಯ ಮೇಲೆ ಇನ್ನೂ ಮದುವೆಯ ಅಕ್ಕಿಕಾಳೂ ಬಿದ್ದಿರಲಿಲ್ಲ, ಆದರೂ ಬಾಯಿ ಬಿಟ್ಟೆ. ಗೆಜ್ಜೆಯಿಂದ ನೆಲ ಒದ್ದು, ಚಪ್ಪಾಳೆ ತಟ್ಟುತ್ತ, ವೇದಿಕೆಯ ತುದಿಯವರೆಗೂ ಕುಣಿದುಕೊಂಡೇ ಹೋದೆ.

ಎದ್ದು ನಿಂತಾಳ ಬೀಗತಿ ಸೆರಗ ಹೊದ್ದು ಹೊಂಟಾಳ
ಚಪ್ಪಲಿ ಕೈಯಾಗ ಹಿಡದು ಗೇಟಿನ ಕಡಿಗೆ ನಡದಾಳ
ಕಾಳು ಕಚ್ಚಿ ಜ್ವಾಳ ಕೊಳ್ಳಾಕಿ ಕಮಲಾಪುರದ ಜಾಣಿ
ಸೊಸಿನ ಕಚ್ಚದ ಬಿಟ್ಟು ಹೊಂಟಾಳ ಇದು ಎಂಥಾ ಬೀಗತಿ ನೋಡ ನೀ

ತಾಳ ಹಾಕುತ್ತಿದ್ದ ಗಂಡಸರ ಕೈಗಳು ಹಾಗೇ ನಿಂತವು. ತಲೆಗಳೆಲ್ಲ ಒಟ್ಟಿಗೆ ಗೇಟಿನ ಕಡೆ ತಿರುಗಿದವು. ಅಲ್ಲಿ ನಿಜಕ್ಕೂ ಒಬ್ಬ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಯಾವ ಕ್ಯಾಸೆಟ್ಟಿಗೂ ಆ ಚಪ್ಪಲಿ ಗೊತ್ತಿರಲು ಸಾಧ್ಯವಿರಲಿಲ್ಲ. ರುಮಾಲಿನವನು ಮೆಲ್ಲಗೆ ಕೂತುಬಿಟ್ಟ. ಅದು ನನಗೆ ಬೇಕಿರಲಿಲ್ಲ. ನನ್ನ ಕಣ್ಣು ಆ ಬೆನ್ನಿನ ಮೇಲಿತ್ತು.

ಬೆನ್ನು ತಿರುಗಲಿಲ್ಲ. ಆದರೆ ಮುಂದೆಯೂ ಹೋಗಲಿಲ್ಲ. ನನ್ನ ಏದುಸಿರು ಸ್ಪೀಕರಿನಲ್ಲಿ ಬಯಲಿಗೆಲ್ಲ ಕೇಳುತ್ತಿತ್ತು. ಹಿಂದಿನಿಂದ ಅಣ್ಣ, "ಮುಗೀತು, ಎಲ್ಲಾ ಮುಗೀತು, ಮದುಮಗಳು ಬೀಗತಿಗೆ ಹಾಡೋದಾ" ಎಂದು ಗೊಣಗುತ್ತಿದ್ದ. ಹೆಂಗಸರ ಕಡೆಯಿಂದ ಒಂದು ಮುದಿ ಧ್ವನಿ ಕೂಗಿತು: "ಉತ್ತರ ಕೊಡಬೇ! ನಮ್ಮೂರ ಮಾನ ಹೋಗ್ತದ!"

ಆ ಹೆಂಗಸು ತಿರುಗಿದರು. ಮುಖದಲ್ಲಿ ನಗುವಿರಲಿಲ್ಲ. ಮೈಕಿಲ್ಲ, ತಾಳವಿಲ್ಲ, ನಿಂತಲ್ಲಿಂದಲೇ ಹಾಡಿದರು. ಗೇಟಿನಿಂದ ವೇದಿಕೆಯವರೆಗೆ ಒಂದೊಂದು ಮಾತೂ ತಿಳಿಯಿತು.

ಜ್ವಾಳ ಕಚ್ಚೀನಿ ಹೌದವ್ವ ಹುಳುಕು ಕಂಡ್ರ ಚೆಲ್ಲೀನಿ
ಉಸುರು ಹತ್ತಿದ್ರೂ ಬಾಯಿ ಮುಚ್ಚದ ಸೊಸಿನ ಕಂಡು ನಿಂತೀನಿ

ಹೆಂಗಸರ ಕಡೆ ಹೋ ಎಂದು ಗದ್ದಲ ಎದ್ದಿತು. ಡೋಲಕ್ಕಿನವನು ಯಾರೂ ಹೇಳದೆ ಬಾರಿಸಲು ಶುರು ಮಾಡಿದ. ನನಗೆ ಮಾತ್ರ ಆ ಪದದ ಅರ್ಥ ತಲೆಗೆ ಹೋಗಲಿಲ್ಲ, ಅಣ್ಣನೇ ಬಂದು ಭುಜ ಹಿಡಿದು ಅಲುಗಿಸಿದ. "ಸೊಸಿ ಅಂದ್ರು! ಹುಚ್ಚಿ, ಸೊಸಿ ಅಂದ್ರು!" ಆಮೇಲೆ ಅವರು ನಡೆದು ಬಂದು, ಚಪ್ಪಲಿ ಕೆಳಗಿಟ್ಟು, ಮೊದಲಿನ ಜಾಗದಲ್ಲೇ ಕೂತರು. ಉಳಿದ ಹಾಡುಗಳನ್ನೆಲ್ಲ ನಾನು ಕುಣಿದೇ ಹಾಡಿದೆ.

ಕಾರ್ಯಕ್ರಮ ಮುಗಿದ ಮೇಲೆ ಅವರು ಪರದೆಯ ಹಿಂದೆ ಬಂದರು. ನನ್ನ ಗದ್ದ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿ, ಕೆನ್ನೆಯ ಮೇಲಿನ ಬಣ್ಣವನ್ನು ಉಗುರಿನಿಂದ ಕೆರೆದರು. ಕಾಳು ಗುಲಾಬಿಯಾಗಿ ಹೊರಬಂತು.

"ಇದನ್ನ ಯಾಕ ಮುಚ್ಚಿದ್ಯವ್ವಾ? ಹಾಡಾಕಿ ಅಂತ ಕಾಣ್ಬೇಕಲ್ಲ" ಎಂದರು. ಅಷ್ಟೇ ಹೇಳಿ ಹೊರಟುಹೋದರು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತೆ.

ಮದುವೆಯಾದ ಮೇಲೆ ಮತ್ತೆ ಮೈಕು ಆರಿಸುವ ಕೆಲಸ ಬಂದಾಗ ಅತ್ತೆ ತಾವೂ ಬರುತ್ತೇನೆ ಎಂದರು. ಮೋಮಿನಪುರದಲ್ಲಿ ಚಾಚಾ ಅದೇ ಟವೆಲ್ಲು ಹಾಸಿದರು. ಅತ್ತೆ ಸಣ್ಣ ತಂತಿಯ ಕಡೆ ಕಣ್ಣೆತ್ತಿಯೂ ನೋಡದೆ, ಕರಿ ಸ್ಪಂಜಿನದನ್ನು ಎತ್ತಿಕೊಂಡು ಕೈಯಲ್ಲಿ ತೂಗಿದರು. "ಇದು. ಕಟ್ಟಕಡಿಗೆ ಕುಂತಾಕಿಗೂ ಕಾಣ್ತದ."

"ಅತ್ತೀ, ಬಾಯಿ ಮುಂದ ಜಾಮೂನು ಕಟ್ಕೊಂಡಂಗ ಕಾಣ್ತದ್ರಿ" ಎಂದೆ.

"ಕಾಣ್ಲಿ."

ನನಗೆ ನಗು ಬಂತು. "ಹಂಗಾದ್ರ ನೀವೇ ಹಾಕ್ಕೊಂಡು ನೋಡ್ರಿ. ನಾ ಗಲ್ಲಿ ಕೊನಿಗೆ ನಿಲ್ತೀನಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಆ ಪಟ್ಟಿಯನ್ನು ಹಿಗ್ಗಿಸಿ, ಬಿಟ್ಟು, ಮತ್ತೆ ಹಿಗ್ಗಿಸಿದರು.

"ನಾನೂ ಹಾಡ್ತಿದ್ದೆ" ಎಂದರು. "ನನ್ನ ಲಗ್ನದಾಗ ನಮ್ಮತ್ತಿಗೆ ನಾನೇ ಬೀಗರ ಹಾಡು ಹಾಡಿಬಿಟ್ಟೆ, ನಿನ್ನಂಗ, ತಲಿ ಎತ್ತಿ. ಆಕಿ ಎದ್ದು ಚಪ್ಪಲಿ ತಗೊಂಡು ಹೋದಳು. ನಾ ಹಿಂದಿಂದ ಇನ್ನೊಂದು ಪದ ಹಾಡಿದೆ, ತಿರುಗಿ ಬರ್ಲಿ ಅಂತ. ಬರ್ಲಿಲ್ಲ. ಆಮ್ಯಾಲ ನಮ್ಮ ಮನ್ಯಾಗ ನನ್ನ ಹಾಡು ಯಾರೂ ಕೇಳ್ಲಿಲ್ಲ."

ಚಾಚಾ ವಾಯರು ಸುತ್ತುವುದನ್ನು ನಿಲ್ಲಿಸಿದರು. ಅತ್ತೆ ಸೆರಗು ಹಿಂದಕ್ಕೆ ಸರಿಸಿದರು.

"ರಾಜ್ಯೋತ್ಸವದ ದಿನ ಗೇಟಿನ ತನಕ ನಾನೂ ಹೋಗಿದ್ದೆ. ನಿನ್ನ ಹಾಡು ಕೇಳಿ ಅದೆಲ್ಲಾ ನೆನಪಾತು. ಆಕಿ ಹೋದಳು. ನಾ ನಿಂತೆ."

ನಾನು ಗಲ್ಲಿಗೆ ಇಳಿದು, ಅಣ್ಣ ನಿಂತಿದ್ದ ಬೇಕರಿಯವರೆಗೆ ನಡೆದೆ. ರಿಕ್ಷಾ ಹಾರ್ನು, ತವೆಯ ಸದ್ದು, ಯಾರದೋ ಜಗಳ. ಅದೆಲ್ಲದರ ಮೇಲೆ ಒಮ್ಮೆ ಕೆಮ್ಮಿದ್ದು ಕೇಳಿಸಿತು, ಆಮೇಲೆ ಅತ್ತೆಯ ಧ್ವನಿ ಬಂತು. ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. ನಾನು ಕೇಳದ ಒಂದು ಪದ, ತಿರುಗಿ ಬಾ ಎಂದು ಯಾರನ್ನೋ ಕರೆಯುವಂಥದ್ದು. ಬೇಕರಿಯವನು ಬ್ರೆಡ್ಡು ಕೊಯ್ಯುವುದನ್ನು ಬಿಟ್ಟು ಹೊರಗೆ ಬಂದ. ನಾನು ಎರಡೂ ಕೈ ಮೇಲೆತ್ತಿ, ಹಾಡು ಮುಗಿಯುವವರೆಗೂ ಇಳಿಸದೆ ನಿಂತಿದ್ದೆ.